ಕೆಳಮನೆಯ ಆಂಟಿ ಹೆಣಿಗೆ ನಿಲ್ಲಿಸಿದ ದಿನ

ದೆಹಲಿಯ ಚಳಿಗಾಲದ ಬಿಸಿಲೆಂದರೆ ನನಗೆ ಆರ್.ಕೆ.ಪುರಂ ಕ್ವಾರ್ಟರ್ಸಿನ ಕೆಳಮನೆ ಆಂಟಿಯೇ ನೆನಪಾಗುತ್ತಾರೆ. ಹೆಂಗಸರೆಲ್ಲ ಹುಲ್ಲಿನ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತ ಹರಟುವಾಗ ಅವರು ಸ್ವೆಟರ್ ಹೆಣೆಯುತ್ತಿದ್ದರು. ಯಾರು ಏನೇ ಹೇಳಲಿ, "ಅಚ್ಛಾ, ಆಮೇಲೆ?" ಎನ್ನುವರು. ಅವರು ಯಾರಿಗೂ ಎದುರಾಡಿದ್ದನ್ನು ನಾನು ಕಂಡಿರಲಿಲ್ಲ.

ನಾನಾಗ ಒಂಬತ್ತನೇ ಕ್ಲಾಸು. ದೊಡ್ಡ ಪಾರ್ಟಿಗಳಿಂದ ಹೆಸರಾಗಿದ್ದ ಶ್ರೀಮಂತ ಹೆಂಗಸೊಬ್ಬಳು ಎಳೆಯ ಹುಡುಗಿಯರನ್ನು ಲೈಂಗಿಕ ದೌರ್ಜನ್ಯಕ್ಕೆ ದೂಡಿದ್ದು ನಿಜವೆಂದು ಕೋರ್ಟು ತೀರ್ಪು ಕೊಟ್ಟಿತ್ತು. ಮರುದಿನ ಹುಲ್ಲಿನ ಮೇಲೆ ಅದೇ ಮಾತು.

"ಪಾಪ, ಎಂಥಾ ಮನೆತನದವಳು!" ಎಂದರು ಒಬ್ಬರು.

"ಆ ಹುಡುಗಿಯರಾದರೂ ಅಲ್ಲಿಗೆ ಯಾಕೆ ಹೋಗಬೇಕಿತ್ತು?" ಎಂದಳು ನನ್ನಮ್ಮ.

ಆಂಟಿಯ ಕೈಯ ಕಡ್ಡಿಗಳು ನಿಂತವು. "ಪಾಪ ಅನ್ನೋದಾದ್ರೆ ಆ ಮಕ್ಕಳಿಗೆ ಅನ್ನಿ. ಅವರದ್ದೇನೂ ತಪ್ಪಿಲ್ಲ," ಎಂದರು. 

ಆ ಸಂಜೆ ನಾನು ಅವರ ಮನೆಗೆ ಹೋದೆ. ಟ್ಯೂಷನ್ ಸರ್ ನನ್ನ ಜೊತೆ ಹೇಗೆ ನಡೆದುಕೊಳ್ಳುತ್ತಿದ್ದರೆಂದು ಅಮ್ಮನಿಗೆ ಹೇಳಲು ಧೈರ್ಯವಾಗಿರಲಿಲ್ಲ. ಆಂಟಿಯ ಮುಂದೆ ಅಳುತ್ತ ಎಲ್ಲ ಹೇಳಿಬಿಟ್ಟೆ. ಅವರು ಗ್ಯಾಸ್ ಆರಿಸಿ, ಶಾಲು ಹೊದ್ದು, ನನ್ನ ಕೈ ಹಿಡಿದು ಮೇಲೆ ನಮ್ಮ ಮನೆಗೆ ಬಂದರು. ಅಮ್ಮನ ಪಕ್ಕ ಕೂತು ಅವರೇ ಎಲ್ಲ ತಿಳಿಸಿದರು.

ಟ್ಯೂಷನ್ ಅವತ್ತಿಗೇ ನಿಂತಿತು. ಅಲ್ಲಿಗೆ ಯಾಕೆ ಹೋದೆ ಎಂದು ಅಮ್ಮ ನನ್ನನ್ನು ಯಾವತ್ತೂ ಕೇಳಲಿಲ್ಲ.