ಅಮ್ಮನ ಹೆಸರಿನ ಕಾಗದ

"ನಮ್ಮ ಮನಿಗೆ ಸರ್ಟಿಫಿಕೇಟ್ ಅನ್ನೋದು ಬರಂಗಿಲ್ಲ, ಬಿಡ್ರಿ ಮೇಷ್ಟ್ರ" ಎಂದವಳು ನನ್ನ ಅಜ್ಜಿ, ಅಮ್ಮನ ತಾಯಿ. ಅಮ್ಮನನ್ನು ಮೂರನೇ ತರಗತಿಗೇ ಶಾಲೆ ಬಿಡಿಸಿ, ಹೊಲಿದ ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸಲು ಕೂರಿಸಿದ ದಿನ ಹಾಗಂದಳಂತೆ. ಕುಹಕವೇನಲ್ಲ. ರಾಯದುರ್ಗದ ನಮ್ಮ ಓಣಿಯಲ್ಲಿ ಆಗ ಇದ್ದದ್ದೇ ಹಾಗೆ.

ಆ ಮಾತನ್ನು ಸುಳ್ಳು ಮಾಡಿದವಳು ನಾನು. ಮಡಕಶಿರಾದಲ್ಲಿ ಹಾಸ್ಟೆಲಿನಲ್ಲಿದ್ದು, ಒಂದು ಸಲ ಫೇಲಾಗಿ, ಮತ್ತೆ ಪರೀಕ್ಷೆಗೆ ಕಟ್ಟಿ ಡಿಗ್ರಿ ಮುಗಿಸಿದೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಅಮ್ಮನ ಹೊಲಿಗೆ ಮಷೀನಿನ ಮೇಲಿನ ಗೋಡೆಗೆ ತೂಗುಹಾಕಿದ್ದೇವೆ. ಒಮ್ಮೆ ಅದರ ಗಾಜು ಒರೆಸುತ್ತಾ ಅಮ್ಮ, "ನನ್ನ ಹೆಸರಿಂದೂ ಒಂದಿದ್ರ ಹೆಂಗಿರ್ತಿತ್ತು" ಎಂದಳು. ಮತ್ತೆ ಆ ಮಾತೆತ್ತಲಿಲ್ಲ. ನಾನು ಮರೆಯಲಿಲ್ಲ.

ಹೋದ ಬೇಸಿಗೆಯಲ್ಲಿ ಮಡಕಶಿರಾದ ನನ್ನ ಕಾಲೇಜು ಗೆಳತಿ ನಮ್ಮೂರಲ್ಲಿ ಅಂಗಡಿ ಹಾಕಿದಳು, ಮೂರೇ ದಿನದ ಮಟ್ಟಿಗೆ. ಖಾಲಿ ಬಿದ್ದಿದ್ದ ಬಟ್ಟೆ ಮಳಿಗೆಯ ತುಂಬ ಹಳೇ ವಿಡಿಯೋ ಗೇಮಿನ ಸಾಮಾನು: ಗೇಮಿನ ಗೊಂಬೆಗಳಿರುವ ಟೀ ಶರ್ಟು, ಕೀ ಚೈನು, ಲೋಟ, ಟೀವಿಗೆ ಹಾಕಿ ಆಡುವ ಹಳದಿ ಕ್ಯಾಸೆಟ್ಟು. ಕೊನೆಯ ದಿನ ಅಮ್ಮನನ್ನು ಕರೆದುಕೊಂಡು ಹೋದೆ. ಒಳಗೆ ಕಾಲಿಟ್ಟವಳೇ ಒಂದು ಟೀ ಶರ್ಟನ್ನು ತಿರುವಿಹಾಕಿ ಹೊಲಿಗೆ ಜಗ್ಗಿದಳು.

"ಎಳೀಬ್ಯಾಡಮ್ಮ, ಮಾರೋ ಮಾಲು."

"ಎಳದ್ರ ಬಿಚ್ಚೋದಾದ್ರ ಮಾರೋದ್ಯಾಕ?"

ಗೆಳತಿ ನಕ್ಕಳು. "ಸರಿಯಾಗಂದ್ರಿ. ಬನ್ರಮ್ಮ, ಒಂದಾಟ ಆಡಿ."

ಮೂಲೆಯಲ್ಲಿ ಡಬ್ಬಿ ಟೀವಿ. ಅದರಲ್ಲಿ ಓಡುವ ಗೊಂಬೆಯನ್ನು ಬಟನ್ ಒತ್ತಿ ಹಳ್ಳಗಳ ಮೇಲೆ ಹಾರಿಸಿ ಬಾಗಿಲು ಮುಟ್ಟಿಸಬೇಕು. ಮುಟ್ಟಿಸಿದವರಿಗೆ ಹೆಸರು ಬರೆದ ಸರ್ಟಿಫಿಕೇಟು. ಅವಕಾಶ ಮೂರು ಸಲ. ಅಮ್ಮನ ಕಣ್ಣು ಮೇಜಿನ ಮೇಲಿದ್ದ ಆ ಕಾಗದಗಳ ಮೇಲೇ ನಿಂತಿತು.

ಅಮ್ಮ ಆಡಲು ಕೂತಳು. ಮೊದಲ ಹಳ್ಳಕ್ಕೇ ಗೊಂಬೆ ಬಿತ್ತು. ಕೆಳಗೆ ನೋಡಿದೆ. ಅಮ್ಮನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಹಳ್ಳ ಬಂದ ಕೂಡಲೇ ಕಾಲು ಮುಂದಾಗುತ್ತಿತ್ತು, ಬೆರಳಿಗೆ ನೆನಪಾಗುವಷ್ಟರಲ್ಲಿ ಹೊತ್ತು ಮೀರುತ್ತಿತ್ತು.

"ಇದಕ್ಕ ಪೆಡಲ್ ಇಲ್ಲಮ್ಮ, ಕಾಲು ಸುಮ್ನಿಡು" ಎಂದೆ, ಓದಿದವಳ ಗತ್ತಿನಲ್ಲಿ. ಅಮ್ಮ ಕಾಲು ಹಿಂದಕ್ಕೆಳೆದುಕೊಂಡಳು. ಈ ಸಲ ಬಟನ್ನೇ ಒತ್ತಲಾಗಲಿಲ್ಲ.

"ಕಾಲಿಲ್ದ ಕೈ ಓಡಂಗಿಲ್ಲ ನನಗ. ನಡಿ, ಹೋಗಾನ."

"ಇನ್ನೊಂದ್ ಸಲ ಐತಲ್ಲಮ್ಮ" ಎಂದು ಗೆಳತಿ ತಡೆದಳು. "ಚಪ್ಪಲಿ ಬಿಟ್ಟು ಚೆನ್ನಾಗ್ ತುಳೀರಿ. ಕಾಲು ಒತ್ತಿದಾಗ್ಲೇ ಬಟನ್ನೂ ಒತ್ತಿ. ನಿಮ್ ಮಷೀನೇ ಅನ್ಕಳಿ."

ಅಮ್ಮ ಚಪ್ಪಲಿ ಬಿಟ್ಟಳು. ಸೆರಗು ಸಿಕ್ಕಿಸಿ, ಕೆಲಸಕ್ಕೆ ಕೂತಾಗಿನ ಹಾಗೆ ಮುಂದಕ್ಕೆ ಬಾಗಿದಳು. ಕಾಲೂ ಬೆರಳೂ ಒಟ್ಟಿಗೆ. ಒಂದು ಹಳ್ಳ, ಇನ್ನೊಂದು, ಮತ್ತೊಂದು. ಗೊಂಬೆ ಬಾಗಿಲು ಮುಟ್ಟಿದ್ದು ಅವಳಿಗೆ ತಿಳಿಯಲೇ ಇಲ್ಲ, ಇನ್ನೂ ತುಳಿಯುತ್ತಲೇ ಇದ್ದಳು.

"ಹೆಸರು ದೊಡ್ಡಕ್ಷರದಾಗ ಬರೀಬೇಕ್ರಿ" ಎಂದಷ್ಟೇ ಹೇಳಿದಳು ಅಮ್ಮ, ಗೆಳತಿ ಸರ್ಟಿಫಿಕೇಟು ಬರೆಯಲು ಕೂತಾಗ.

ಮನೆಯಲ್ಲಿ ಅಜ್ಜಿ ದಾರ ಬಿಡಿಸುತ್ತಾ ಕೂತಿದ್ದಳು. ಅಮ್ಮ ಕಾಗದವನ್ನು ಅವಳ ಕೈಗಿಟ್ಟಳು.

"ಇದ್ಯಾವ ಪರೀಕ್ಷಿ?"

"ಆಟದ್ದವ್ವ."

"ನಿನ್ನ ಹೆಸರೆಲ್ಲೈತಿ?"

ಅಮ್ಮ ತೋರಿಸಿದಳು. ಅಜ್ಜಿ ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು, ಹೊಲಿಗೆ ನೋಡುವ ಹಾಗೆ, ಈ ತುದಿಯಿಂದ ಆ ತುದಿಯವರೆಗೆ. ಆಮೇಲೆ ನನ್ನ ಕಡೆ ತಿರುಗಿ ಗದರಿದಳು:

"ನಿಂತ್ಕಂಡು ಏನ್ ನೋಡ್ತಿ? ನಿನ್ನ ಸರ್ಟಿಫಿಕೇಟಿನ ಬಾಜೂಕ ಇನ್ನೊಂದು ಮೊಳಿ ಹೊಡಿ."