ಆಂಟೆನಾಕ್ಕೆ ಹೂ ಇಡಲು ಹತ್ತಿದವರು

೧೯೯೮ರ ಆಯುಧಪೂಜೆ. ಆಗ ನಾವು ನೆದರ್‌ಲ್ಯಾಂಡ್ಸ್‌ನ ಜೂಟರ್‌ಮೀರ್‌ನಲ್ಲಿದ್ದೆವು. ಹಬ್ಬದ ದಿನ ಆಫೀಸಿಗೆ ರಜೆ ಇಲ್ಲದ್ದರಿಂದ ಆ ವಾರದ ಶನಿವಾರ ಪೂಜೆ ಇಟ್ಟುಕೊಂಡೆವು. ಮೈಸೂರಿನಿಂದ ಬಂದಿದ್ದ ನಮ್ಮತ್ತೆಯವರದೇ ಯಜಮಾನಿಕೆ.

ಪೂಜೆ ನಮ್ಮವರ ಗೆಳೆಯ ಸತೀಶನ ಕ್ಯಾಂಪರಿಗೆ. ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಕೂರಿಸಿದ ಪುಟ್ಟ ಮನೆ ಅದು. ಮಂಚ, ಒಲೆ, ಟಿ.ವಿ. ಎಲ್ಲ ಇದ್ದವು. ಸೂರಿನ ಮೇಲಿನ ಆಂಟೆನಾ ಮಾತ್ರ ಗಾಳಿಗೆ ಮುರಿದಿತ್ತು. ಅಂದು ಬೆಳಗಿನಿಂದ ನಮ್ಮವರು ಮೇಲೆ ಕೂತು ಹಳೆಯದನ್ನು ಬಿಚ್ಚಿ, ಒಣಗಿದ ಅಂಟು ಕೆರೆದು, ಹೊಸದನ್ನು ಸ್ಕ್ರೂ ಹಾಕಿ ಕೂರಿಸಿದರು. ಮಳೆನೀರು ಇಳಿಯದಂತೆ ಸುತ್ತ ಸಿಲಿಕೋನ್ ಬಳಿದರು. ಸತೀಶ ಒಳಗಿನ ಹಿಡಿಕೆ ತಿರುಗಿಸಿ ಆಂಟೆನಾ ಎತ್ತಿದ.

"ಬಂತೇನೋ?" ಎಂದರು ನಮ್ಮವರು ಮೇಲಿಂದ.

"ಬರೀ ಚುಕ್ಕೆ ಕಣೋ. ಇರು, ಇನ್ನೂ ಸ್ವಲ್ಪ... ಬಂತು ಬಂತು. ನ್ಯೂಸ್ ಓದೋಳ ಮೂಗುಬೊಟ್ಟೂ ಕಾಣ್ತಿದೆ."

"ಈ ಊರಲ್ಲಿ ಯಾವಳೋ ಮೂಗುಬೊಟ್ಟು ಹಾಕೋಳು?"

ನಕ್ಕು, ಆಂಟೆನಾ ಮಡಚಿ, ಇಬ್ಬರೂ ಇಳಿದು ಬಂದರು.

ಪೂಜೆಯಾದ ಗಾಡಿ ಮೊದಲು ಮುಂದಕ್ಕೇ ಹೋಗಬೇಕು, ಹಿಂದಕ್ಕೆ ತೆಗೆಯಲೇಬಾರದು ಎಂದು ಅತ್ತೆ ಹೇಳಿದ್ದರು. ಹಾಗಾಗಿ ಸತೀಶ ಅದನ್ನು ಪಾರ್ಕಿಂಗ್‌ನಿಂದ ಹೊರಹೋಗುವ ದಾರಿಗೆ ಮುಖ ಮಾಡಿ ನಿಲ್ಲಿಸಿದ್ದ. ಆ ದಾರಿಯ ಮೇಲೆ ಅಡ್ಡಲಾಗಿ ಒಂದು ಕಬ್ಬಿಣದ ತೊಲೆ. ಲಾರಿಗಳು ನುಗ್ಗದಿರಲೆಂದು ಹಾಕಿದ್ದು. ಕ್ಯಾಂಪರಿನ ಸೂರಿಗೂ ಅದಕ್ಕೂ ನಡುವೆ ಒಂದು ಗೇಣು ಜಾಗ ಉಳಿಯುತ್ತಿತ್ತು.

ಮಂಗಳಾರತಿ ಆಯಿತು. ಸತೀಶ ಸೀಟಿನಲ್ಲಿ ಕೂತು ಎಂಜಿನ್ ಶುರು ಮಾಡಿದ. "ಮೋಹನ, ಹೊಸ ಆಂಟೆನಾಕ್ಕೂ ಒಂದು ಹೂ ಇಟ್ಟು ಬಾರೋ" ಎಂದರು ಅತ್ತೆ. ನಮ್ಮವರು ಸೇವಂತಿಗೆ ಹಿಡಿದು ಹಿಂದಿನ ಏಣಿ ಹತ್ತಿದರು. ಅತ್ತೆ ಬಗ್ಗಿ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಇಟ್ಟು ಏಳುವಷ್ಟರಲ್ಲಿ ಮಗ ಮೇಲಿರುವುದು ಅವರಿಗೆ ಮರೆತೇ ಹೋಗಿತ್ತು.

"ಹೊರಡಪ್ಪ ಸತೀಶ."

ನಾನು ಕೆಂಪು ನೀರಿನ ಆರತಿ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ನನ್ನ ಕಣ್ಣೂ ನಿಂಬೆಹಣ್ಣಿನ ಮೇಲೆಯೇ. ಹಣ್ಣುಗಳು ಪಚಕ್ಕೆಂದವು. ಗಾಡಿ ಮುಂದೆ ಸರಿಯಿತು. ತಲೆ ಎತ್ತಿದಾಗ ಕಂಡಿತು: ನಮ್ಮವರು ಮೇಲೆ ಬೋರಲು ಮಲಗಿ, ಎರಡೂ ಕೈಯಲ್ಲಿ ಆಂಟೆನಾದ ಬುಡ ಹಿಡಿದಿದ್ದಾರೆ. ಬಾಯಿ ತೆರೆದಿದೆ. ಡೀಸೆಲ್ ಎಂಜಿನ್ನಿನ ಸದ್ದಿನಲ್ಲಿ ಏನೂ ಕೇಳುತ್ತಿಲ್ಲ. ಸೂರಿನ ಮುಂಭಾಗ ಆಗಲೇ ತೊಲೆಯ ಕೆಳಗೆ ದಾಟಿತ್ತು.

ಕೂಗಿದರೂ ಸತೀಶನಿಗೆ ಕೇಳುವಂತಿರಲಿಲ್ಲ. ಕೈಯಲ್ಲಿದ್ದ ತಟ್ಟೆಯನ್ನು ಗಾಡಿಯ ಮುಂದಿನ ಗಾಜಿಗೆ ಎಸೆದೆ. ಗಾಜಿನ ತುಂಬ ಕೆಂಪು ಇಳಿಯಿತು. ಸತೀಶ ಬ್ರೇಕ್ ಒತ್ತಿದ.

ನಮ್ಮವರ ತಲೆ ತೊಲೆಯ ಆಚೆ ಇತ್ತು, ಮೈ ಈಚೆ. ಭುಜ ಸಿಕ್ಕಿಕೊಂಡಿತ್ತು. "ಅಲ್ಲಾಡೋಕೆ ಆಗ್ತಿಲ್ಲ" ಎಂದರು, ಮೆಲ್ಲಗೆ. ಸತೀಶ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಮೇಲೆ ನೋಡಿದ. ಮುಖದ ಬಣ್ಣವೇ ಹೋಯಿತು.

"ಅಮ್ಮ, ಹಿಂದಕ್ಕೆ ತೆಗೀಲಾ?"

"ಅದನ್ನೂ ಕೇಳ್ತೀಯಲ್ಲೋ ಮಂಕೆ. ತೆಗಿ ಹಿಂದಕ್ಕೆ. ನಿಧಾನ, ನಿಧಾನ ಕಣಪ್ಪ."

ಅವನು ಇಂಚಿಂಚಾಗಿ ಹಿಂದೆ ಸರಿಸಿದ. ಜಾಕೆಟ್ ಹರಿದು ಭುಜ ಹೊರಬಂತು. ಚರ್ಮ ತರಚಿತ್ತು, ಮೂಳೆಗೆ ಏನೂ ಆಗಿರಲಿಲ್ಲ. ನಮ್ಮವರು ಇಳಿದು ಬಂದು, "ನೋಡಿದ್ಯೇನೋ ಫಿಟ್ಟಿಂಗು? ಒಂಚೂರೂ ಅಲುಗಲಿಲ್ಲ" ಎಂದರು. ಅತ್ತೆ ಅವರ ಬೆನ್ನಿಗೊಂದು ಗುದ್ದಿ, ಆ ಬೆನ್ನಿಗೇ ಮುಖ ಒತ್ತಿ ಅತ್ತರು. ಆರತಿ ತಟ್ಟೆ ಎಸೆದ ಬಗ್ಗೆ ನನಗೆ ಅಂದೂ ಏನೂ ಅನ್ನಲಿಲ್ಲ, ಆಮೇಲೂ ಅನ್ನಲಿಲ್ಲ.

ಸತೀಶ ಈಗಲೂ ಯಾವ ಗಾಡಿ ಹತ್ತಿದರೂ, ಕೀಲಿ ತಿರುಗಿಸುವ ಮೊದಲು ಗಾಜು ಇಳಿಸಿ, "ಎಲ್ಲರೂ ಕೆಳಗೇ ಇದ್ದೀರಾ?" ಎಂದು ಕೇಳುತ್ತಾನೆ. ಎಲ್ಲರೂ ನಗುತ್ತಾರೆ. "ಇದ್ದೀನಿ ಕಣೋ" ಎಂಬ ನಮ್ಮವರ ದನಿ ಕೇಳಿದ ಮೇಲೆಯೇ ನನಗೆ ನಗು ಬರುವುದು.