ಸಿಡಿಮದ್ದಿನ ಮನೆಯಲ್ಲಿ ರಾಣಿಯ ಸ್ನಾನ

ಬಸ್ಸಿನ ಸ್ಟಿಯರಿಂಗ್ ಹಿಡಿದವನಿಗೆ ಊರುಗಳೆಲ್ಲ ಗೊತ್ತಿರುತ್ತವೆ ಅಂತ ಜನ ನಂಬುತ್ತಾರೆ. ಅವನಿಗೆ ಗೊತ್ತಿರುವುದು ಊರುಗಳ ಬಸ್‌ಸ್ಟ್ಯಾಂಡು ಮಾತ್ರ. ಈ ಡ್ರೈವರನೂ ಅಷ್ಟೆ. ಆ ಹಳೇ ಕೋಟೆಯ ಊರಿಗೆ ದಿನಾ ಬೆಳಿಗ್ಗೆ ಬಸ್ಸು ಒಯ್ಯುತ್ತಿದ್ದ. ಹತ್ತು ನಿಮಿಷದೊಳಗೆ ಒಂದು ಟೀ ಕುಡಿದು, ಮುಖಕ್ಕೆ ನೀರು ಹಾಕಿಕೊಂಡು, ಟೈರಿಗೊಂದು ಒದೆ ಕೊಟ್ಟು ನೋಡಿ, ಬಸ್ಸು ತಿರುಗಿಸಿಕೊಂಡು ಬರುತ್ತಿದ್ದ. ಕೋಟೆಯೆಂದರೆ ಅವನ ಪಾಲಿಗೆ ಪಕ್ಕದ ಕನ್ನಡಿಯಲ್ಲಿ ಮೂಡಿ ಮರೆಯಾಗುವ ಗೋಡೆಯ ಒಂದು ತುಂಡು.

ಮನೆಯಲ್ಲಿ ಊಟಕ್ಕೆ ಕೂತರೆ ಮಾತ್ರ ಆ ಕೋಟೆಯ ಕಲ್ಲುಕಲ್ಲೂ ಅವನ ಬಾಯಲ್ಲಿ. ಕಾರಣ ಒಬ್ಬ ಗೈಡು. ದಿನಾ ಇಂಜಿನ್ನಿನ ಪಕ್ಕದ ಸೀಟಿನಲ್ಲಿ ಕೂತು ಬರುತ್ತಿದ್ದ ಅವನು, ಗಂಟಲು ಹದಕ್ಕೆ ಬರಲೆಂದು ತನ್ನ ಪಾಠವನ್ನು ಮೊದಲಿನಿಂದ ಕೊನೆಯತನಕ ಒಂದು ಸಲ ಒಪ್ಪಿಸುತ್ತಿದ್ದ. ಕೇಳಿ ಕೇಳಿ ಡ್ರೈವರನಿಗೂ ಅದು ಬಾಯಿಪಾಠವಾಗಿತ್ತು, ಗೈಡು ನಡುನಡುವೆ ಕೆಮ್ಮುವ ಜಾಗಗಳ ಸಮೇತ. ಮನೆಯಲ್ಲಿ ಅವನು ಅದನ್ನು ಕೇಳಿದ್ದು ಅನ್ನಲಿಲ್ಲ. ನೋಡಿದ್ದು ಅಂತಲೂ ಅನ್ನಲಿಲ್ಲ. ಉಳಿದದ್ದನ್ನು ಅತ್ತೆಯೇ ನಂಬಿಕೊಂಡರು.

ಅತ್ತೆ ಸುಲಭಕ್ಕೆ ಯಾವುದನ್ನೂ ನಂಬುವವರಲ್ಲ. ದೊಡ್ಡ ಅಳಿಯ ಕಾಲೇಜಿನ ಮೇಷ್ಟ್ರು; ಕಿರಿಯವಳನ್ನು ಡ್ರೈವರನಿಗೆ ಕೊಟ್ಟದ್ದು ಅವರ ಯಜಮಾನರ ಹಟ. ಮದುವೆಯಾದಂದಿನಿಂದ ಅವರು ಈ ಅಳಿಯನನ್ನು ಹೊಗಳಿದ್ದು ಒಂದೇ ವಿಷಯಕ್ಕೆ: "ಮೇಷ್ಟ್ರು ಪುಸ್ತಕ ಓದಿ ಹೇಳ್ತಾರೆ. ನಮ್ಮ ಚಿಕ್ಕ ಅಳಿಯಂದಿರು ಕಣ್ಣಾರೆ ಕಂಡು ಹೇಳ್ತಾರೆ." ಆ ಒಂದು ಮಾತಿನ ಬಲದ ಮೇಲೆ ಡ್ರೈವರ್ ಮಾವನ ಮನೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ.

ಈಗ ಅವರೇ, "ಒಂದು ದಿನ ನಂಗೂ ತೋರಿಸ್ಕೊಂಡು ಬನ್ನಿ" ಎಂದು ಮಂಡಿನೋವನ್ನೂ ಲೆಕ್ಕಿಸದೆ ಹೊರಟುಬಿಟ್ಟಿದ್ದರು. ಇಲ್ಲವೆನ್ನಲು ಬಾಯಿ ಬರಲಿಲ್ಲ. ರಜೆ ಹಾಕಿ, ಹೆಂಡತಿ, ಮಗಳು, ಅತ್ತೆಯ ಜೊತೆ ಗೈಡು ಬರುವ ಬಸ್ಸು ಬಿಟ್ಟು ಮುಂದಿನ ಬಸ್ಸಿಗೆ ಪ್ರಯಾಣಿಕನಾಗಿ ಹತ್ತಿದ. ದಾರಿಯುದ್ದಕ್ಕೂ ಅವನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು.

"ರೀ, ಕಾಲು ಸುಮ್ನಿಡಿ. ಮುಂದಿನವರ ಸೀಟು ಕಿತ್ಕೊಂಡು ಬರುತ್ತೆ" ಎಂದಳು ಹೆಂಡತಿ.

ಬಸ್‌ಸ್ಟ್ಯಾಂಡಿನಲ್ಲಿ ಅವನೇ ರಾಜ. ಟೀ ಅಂಗಡಿಯವನು ಎದ್ದು ನಿಂತ. ಹಣ್ಣಿನವಳು ಕೇಳದೆಯೇ ಮಗಳ ಕೈಗೊಂದು ಹಣ್ಣಿಟ್ಟಳು. ಕಂಟ್ರೋಲರ್ ತನ್ನ ಕುರ್ಚಿಯನ್ನೇ ಎಳೆದು ಅತ್ತೆಯನ್ನು ಕೂರಿಸಿದ. ಅತ್ತೆ ಸುತ್ತಲೂ ನೋಡಿ "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದು ಸನ್ಮಾನ.

ಬಸ್‌ಸ್ಟ್ಯಾಂಡಿನ ಗೇಟು ದಾಟಿದ್ದೇ ರಾಜ್ಯ ಮುಗಿಯಿತು. ಎಡಕ್ಕೋ ಬಲಕ್ಕೋ? ಗೋಡೆ ಕಂಡತ್ತ ನಡೆದ. ಒಂದು ದೊಡ್ಡ ಬಾಗಿಲು ಸಿಕ್ಕಿತು. ಬದುಕಿದೆಯಾ ಬಡಜೀವವೇ ಎಂದು ಒಳಹೊಕ್ಕ. ಗೈಡನ ಪಾಠ ಶುರುವಾಗುವುದು ಕೋಟೆಯ ಹಿಂಬಾಗಿಲಿನಿಂದ ಎಂಬುದು ಪಾಪ ಅವನಿಗೇನು ಗೊತ್ತು? ಇವರು ಹೊಕ್ಕಿದ್ದು ಮುಂಬಾಗಿಲು.

"ಮೊದಲಿಗೆ ನಿಮ್ಮ ಎಡಗಡೆ ನೋಡಿ," ಡ್ರೈವರ್ ರಾಗ ಎತ್ತಿದ. "ರಾಣಿಯವರ ಸ್ನಾನದ ಕೊಳ. ಸುಗಂಧದ ನೀರು ತುಂಬಿಸ್ತಿದ್ರು."

ಎಡಗಡೆ ಕಿಟಕಿಯಿಲ್ಲದ ಒಂದು ಕಲ್ಲಿನ ಕೋಣೆ. ಸೊಂಟದೆತ್ತರದ ಬಾಗಿಲು. ಒಳಗೆ ಕತ್ತಲು, ಬಾವಲಿಗಳು. ಪಕ್ಕದ ಫಲಕವನ್ನು ಮಗಳು ಗಟ್ಟಿಯಾಗಿ ಓದಿದಳು: "ಸಿಡಿಮದ್ದಿನ ಮನೆ."

ಅತ್ತೆ ಬಗ್ಗಿ ನೋಡಿದರು. "ರಾಣಿ ಒಳಗೆ ಹೆಂಗೆ ಹೋಗ್ತಿದ್ಲು? ತೆವಳ್ಕೊಂಡಾ?"

"ಆಗಿನ ಕಾಲದವರು ಸಣ್ಣಗಿದ್ರು ಅತ್ತೆ."

"ಕೋಟೆ ಕಟ್ಟೋವಾಗ ಮಾತ್ರ ದೊಡ್ಡಗಾಗ್ತಿದ್ರಾ?"

ಮುಂದಿನದು ಇನ್ನೂ ಹದಗೆಟ್ಟಿತು. ನೂರು ಕುದುರೆ ಕಟ್ಟುವ ಲಾಯ ಎಂದು ಅವನು ಕೈ ತೋರಿದಲ್ಲಿ ಒಂದು ಇಕ್ಕಟ್ಟಾದ ಮೆಟ್ಟಿಲಸಾಲು ಕಾವಲುಗೋಪುರಕ್ಕೆ ಹತ್ತುತ್ತಿತ್ತು.

"ಕುದುರೆಗಳು ಮೇಲೆ ಹತ್ತಿ ಏನ್ ಮಾಡ್ತಿದ್ವು ಅಪ್ಪ?"

"ಗಾಳಿ ತಗೊಳ್ತಿದ್ವು" ಎಂದಳು ಹೆಂಡತಿ, ನಗು ಕಾಣದಂತೆ ಮುಖ ಆಚೆ ತಿರುಗಿಸಿ.

ಡ್ರೈವರನಿಗೆ ನಿಲ್ಲಿಸಲೂ ಆಗದು. ಅವನಿಗೆ ಪಾಠ ಬರುತ್ತಿದ್ದುದು ಸಾಲಾಗಿ. ನಡುವೆ ಸ್ಟಾಪು ಹಾರಿಸಿ ಹೋಗುವುದು ಅವನ ಜಾಯಮಾನವಲ್ಲ. ಕೆಮ್ಮಬೇಕಾದಲ್ಲಿ ಕೆಮ್ಮುತ್ತ, ಬೆವರುತ್ತ ನಡೆದ. ಅಷ್ಟರಲ್ಲಿ ಅತ್ತೆ ಅವನ ಬೆರಳು ಬಿಟ್ಟು ಫಲಕಗಳನ್ನೇ ನೋಡುತ್ತ ನಡೆಯತೊಡಗಿದ್ದರು. ಅವರು ಬೈದರೂ ತಡೆದುಕೊಳ್ಳಬಹುದಿತ್ತು.

ಕೋಟೆಯ ನಟ್ಟನಡುವೆ ಕಂಬಗಳ ಒಂದು ದೊಡ್ಡ ಅಂಗಳ. "ಇದು ರಾಜರ ಸಭೆ" ಎಂದ. ಹೌದು, ಅದು ಅದೇ ಆಗಿತ್ತು! ಎತ್ತಲಿಂದ ಬಂದರೂ ನಡು ನಡುವೇ ತಾನೆ. ಹೋದ ಜೀವ ಬಂದಂತಾಗಿ ದನಿ ಏರಿಸಿದ: "ಇಲ್ಲಿ ಪಿಸುಗುಟ್ಟಿದ್ರೆ ಆ ಮೂಲೆಗೆ ಕೇಳಿಸುತ್ತೆ!"

"ಆ ಮೂಲೆಗೆ ಕೇಳಿಸುತ್ತೆ!" ಎಂದಿತು ಇನ್ನೊಂದು ದನಿ.

"ಪ್ರತಿಧ್ವನಿ!" ಮಗಳು ಕುಣಿದಳು.

ಪ್ರತಿಧ್ವನಿ ಕೆಮ್ಮಿತು. ಡ್ರೈವರನೂ ಕೆಮ್ಮಿದ, ಅದು ಕೆಮ್ಮುವ ಜಾಗವಾಗಿತ್ತು. ಎದುರಿನ ಕಂಬದ ಮರೆಯಿಂದ ಗೈಡು ತನ್ನ ಹಿಂಡು ಕಟ್ಟಿಕೊಂಡು ಬಂದ. ಅವನಿಗೆ ಖುಷಿಯೋ ಖುಷಿ.

"ಏನ್ ಡ್ರೈವರ್ ಸಾಹೇಬ್ರೇ! ಅಂತೂ ಒಳಗೆ ಬಂದ್ರಲ್ಲ! ಅಮ್ಮ, ಇಷ್ಟು ವರ್ಷ ಕರೆದ್ರೂ ಬಸ್‌ಸ್ಟ್ಯಾಂಡ್ ಬಿಟ್ಟು ಅಲ್ಲಾಡಿದವರಲ್ಲ ಇವರು!"

ಮುಚ್ಚಿಡಲು ಇನ್ನೇನೂ ಉಳಿಯಲಿಲ್ಲ. ಡ್ರೈವರ್ ಅತ್ತೆಯ ಮುಖ ನೋಡಲಾರದೆ ನೆಲ ನೋಡಿದ. ಎಷ್ಟೋ ಕಾಲದ ಪಾದಗಳು ಸವೆಸಿದ ಕಲ್ಲು, ನೀರಿನ ಹಾಗೆ ಹೊಳೆಯುತ್ತಿತ್ತು. ಇದನ್ನು ಯಾರೂ ಅವನಿಗೆ ಹೇಳಿರಲಿಲ್ಲ.

"ನಾನು ನೋಡಿಲ್ಲ ಅತ್ತೆ," ಎಂದ. "ಒಂದು ಸಲಾನೂ ನೋಡಿಲ್ಲ. ಇವರು ಹೇಳಿದ್ದನ್ನ ಕೇಳಿದ್ದೆ, ಅಷ್ಟೆ."

"ಬನ್ನಿ ಅಮ್ಮ, ನಾನು ತೋರಿಸ್ತೀನಿ" ಎಂದ ಗೈಡು.

ಅತ್ತೆ ಕಂಬಕ್ಕೆ ಒರಗಿ ಮಂಡಿ ತಿಕ್ಕಿಕೊಂಡರು. "ನಿಮ್ಮ ಜನ ಕಾಯ್ತಿದ್ದಾರೆ, ನೀವು ಹೋಗಿಪ್ಪ." ಆಮೇಲೆ ಅಳಿಯನ ಕಡೆ ತಿರುಗಿದರು. "ಆ ಕಡೆ ಬಾಗಿಲು ಎಷ್ಟು ದೂರ?"

"ಗೊತ್ತಿಲ್ಲ ಅತ್ತೆ."

"ಇವತ್ತಿಗೆ ಇದೊಂದು ಮಾತು ಸರಿಯಾಗಿ ಹೇಳಿದ್ರಿ. ನಡೀರಿ. ಅಲ್ಲಿಂದ ಇನ್ನೊಂದು ಸಲ ಶುರು ಮಾಡಿ. ಈ ಸಲ ರಾಣಿಗೆ ನೀರಿರೋ ಕಡೆ ಸ್ನಾನ ಮಾಡ್ಸಿ."

ಕೊಳ ಹಿಂಬಾಗಿಲ ಹತ್ತಿರವಿತ್ತು. ಪಾಠ ನಾಲಗೆಯ ತುದಿಗೆ ಬಂತು. ಡ್ರೈವರ್ ಅದನ್ನು ನುಂಗಿಕೊಂಡು ನೀರಿನ ಅಂಚಿನಲ್ಲಿ ಕೊಳವನ್ನೇ ನೋಡುತ್ತ ನಿಂತ. ಪಾಚಿಯ ಕೆಳಗೆ ಏನೋ ಸಣ್ಣಗೆ ಮಿಂಚಿ ಜಾರಿತು.

"ಮೀನಿದೆ ಅತ್ತೆ" ಎಂದ. ಅದು ಯಾವ ಪಾಠದಲ್ಲೂ ಇರಲಿಲ್ಲ.

"ಎಲ್ಲಿ?" ಅತ್ತೆ ಮೆಟ್ಟಿಲ ಮೇಲೆ ಕೂತು ಕತ್ತು ಚಾಚಿದರು. "ನಿಂತ್ಕೊಂಡು ಬೆರಳು ತೋರಿಸಿದ್ರೆ ಏನ್ ಕಾಣುತ್ತೆ? ಇಲ್ಲಿ ಬನ್ನಿ" ಎಂದು ತಮ್ಮ ಪಕ್ಕದ ಕಲ್ಲಿನ ಧೂಳನ್ನು ಅಂಗೈಯಿಂದ ಒರೆಸಿದರು.